ಥಲಸ್ಸೇಮಿಯಾ ಇರುವ ಹುಡುಗ ಕಾಲೇಜು ಬೇಡ ಅಂದರೆ

16 ವರ್ಷದ ನಿಮ್ಮ ಅಕ್ಕನ ಮಗ, ಥಲಸ್ಸೇಮಿಯಾ ಮೇಜರ್ (ಮೈಯಲ್ಲಿ ಸಾಕಷ್ಟು ಹಿಮೋಗ್ಲೋಬಿನ್ ತಯಾರಾಗದ, ಹುಟ್ಟಿನಿಂದ ಬರುವ ರಕ್ತದ ಕಾಯಿಲೆ) ಇರುವವನು, ಎಸ್ಸೆಸ್ಸೆಲ್ಸಿ ಪಾಸಾದರೂ ‘ಓದು ಸಾಕು, ಮೊಬೈಲ್ ಅಂಗಡಿಗೆ ಹೋಗ್ತೀನಿ’ ಅಂತಿದ್ದಾನೆ, ಕಾಯಿಲೆಯಿಂದ ಮನಸ್ಸು ಕುಗ್ಗಿದೆಯಾ ಅಂತ ಕೇಳಿದ್ದೀರಿ. ಇರಬಹುದು. ಆದರೆ ಮೊದಲು ಮನೆಯ ಖರ್ಚು ನೋಡಿ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸುವ ದಿನ ತಾಯಿಯ ಕೂಲಿ ಹೋಗುತ್ತದೆ, ಬಸ್ ಚಾರ್ಜು ಬೇರೆ. ಮಕ್ಕಳು ಇದನ್ನೆಲ್ಲ ಬಾಯಿಬಿಡದೆ ಗಮನಿಸ್ತಾರೆ. ‘ಅಮ್ಮನಿಗೆ ಭಾರ ಆಗಬಾರದು’ ಅನ್ನೋದೇ ಗುರಿಯಾಗಿಬಿಡುತ್ತದೆ. ತಿಂಗಳ ಸಂಬಳ ಬರುವ ಮನೆಯಲ್ಲಿ ಅದೇ ಕಾಯಿಲೆಯ ಹುಡುಗ ಎಂಜಿನಿಯರಿಂಗ್ ಬಗ್ಗೆ ಮಾತಾಡಬಲ್ಲ.

ತಾಯಿ ಎದುರಿಗಿಲ್ಲದಾಗ ಕೇಳಿ: ‘ದುಡ್ಡಿನ ಯೋಚನೆಯೇ ಇಲ್ಲದಿದ್ದರೆ ಏನು ಮಾಡ್ತಿದ್ದೆ?’ ಉತ್ತರ ಬೇರೆ ಬಂದರೆ ಅಡ್ಡಿ ಎಲ್ಲಿದೆ ಅಂತ ಗೊತ್ತಾಗುತ್ತದೆ. ರಕ್ತ ಹಾಕಿಸಿದ ಎರಡು ಮೂರು ದಿನಕ್ಕೆ ಕೇಳಿ. ಹಾಕಿಸುವ ಮುಂಚಿನ ವಾರ ಹಿಮೋಗ್ಲೋಬಿನ್ ಇಳಿದು ಸುಸ್ತಾಗಿ ಯಾವುದೂ ಬೇಡ ಅನಿಸುತ್ತದೆ. ರಕ್ತ ಹಾಕಿಸುವ ಮುಂಚೆ ಹಿಮೋಗ್ಲೋಬಿನ್ ಪ್ರತಿ ಸಲ 9 ಗ್ರಾಂಗಿಂತ (ಡೆಸಿಲೀಟರ್‌ಗೆ) ಕೆಳಗಿದ್ದರೆ ರಕ್ತ ಹಾಕಿಸುವ ಅಂತರ ಕಡಿಮೆ ಮಾಡುವ ಬಗ್ಗೆ ವೈದ್ಯರನ್ನು ಕೇಳಲೇಬೇಕು.

ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಮಾಡಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಥಲಸ್ಸೇಮಿಯಾ ಸೇರಿದೆ. 40% ಅಥವಾ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರ ಸಿಕ್ಕರೆ ಸರ್ಕಾರಿ, ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ 5% ಸೀಟು ಮೀಸಲಿದೆ. ಪದೇ ಪದೇ ರಕ್ತ ಹಾಕಿಸುವುದರಿಂದ ಮೈಯಲ್ಲಿ ಸೇರುವ ಕಬ್ಬಿಣಾಂಶ ಇಳಿಸುವ ಮಾತ್ರೆಯನ್ನೂ ಬಿಡುತ್ತಿದ್ದರೆ, ಗೆಳೆಯರನ್ನೂ ದೂರವಿಟ್ಟಿದ್ದರೆ ತಡಮಾಡದೆ ಆಪ್ತಸಮಾಲೋಚಕರ ಹತ್ತಿರ ಕರೆದೊಯ್ಯಿರಿ.