ಮೋಡೆಮ್ ಡಯಲ್ ಮಾಡಿದ ಕೂಡಲೇ ಹಳೆಯ 486 ಕಂಪ್ಯೂಟರಿನಲ್ಲಿ ಮೌಸ್ ನಿಂತುಹೋಗುವುದೇಕೆ?

ಮುಂಬೈನ ಲ್ಯಾಮಿಂಗ್ಟನ್ ರೋಡಿನಲ್ಲಿ ಕೊಂಡ 486, ಡಾಸ್ 6.22, ವಿಂಡೋಸ್ 3.1, ಕಾಮ್ 1ರಲ್ಲಿ (ಕಾಮ್ ಎಂದರೆ ಸೀರಿಯಲ್ ಪೋರ್ಟ್) ಸೀರಿಯಲ್ ಮೌಸ್, ಕಾಮ್ 3ರಲ್ಲಿ ಒಳಗಿನ ಮೋಡೆಮ್ ಕಾರ್ಡ್: ನೀವು ಬರೆದಿರುವ ಈ ಜೋಡಣೆಯೇ ತೊಂದರೆ. ಡ್ರೈವರ್ (ಮೌಸನ್ನು ನಡೆಸುವ ತಂತ್ರಾಂಶ) ಬದಲಿಸಿ ಪ್ರಯೋಜನವಿಲ್ಲ.

ಕಾಮ್ 1 ಮತ್ತು 3ರ ವಿಳಾಸ ಬೇರೆ ಬೇರೆ (3ಎಫ್8, 3ಇ8), ಆದರೆ ರೂಢಿಯಂತೆ ಎರಡಕ್ಕೂ ಐಆರ್‌ಕ್ಯೂ 4 (ಐಆರ್‌ಕ್ಯೂ ಎಂದರೆ ಸಾಧನವು ಪ್ರೊಸೆಸರಿನ ಗಮನ ಸೆಳೆಯುವ ಇಂಟರಪ್ಟ್ ಗೆರೆ). ಐಎಸ್‌ಎ ಕಾರ್ಡ್‌ಗಳು (ಇಂಥ ಹಳೆಯ ಕಂಪ್ಯೂಟರಿನ ಸ್ಲಾಟಿಗೆ ಹಾಕುವ ಕಾರ್ಡ್‌ಗಳು) ಸಾಮಾನ್ಯವಾಗಿ ಒಂದೇ ಇಂಟರಪ್ಟನ್ನು ಏಕಕಾಲಕ್ಕೆ ಹಂಚಿಕೊಳ್ಳಲಾರವು. ಮೋಡೆಮ್ ಕೆಲಸ ಶುರುಮಾಡಿದಾಗ ಮೌಸಿನ ಸೂಚನೆ ಡ್ರೈವರ್‌ಗೆ ತಲುಪುವುದಿಲ್ಲ.

ಕರೆಂಟ್ ತೆಗೆದು, ಐ/ಒ ಕಾರ್ಡಿನ (ಸೀರಿಯಲ್ ಪೋರ್ಟ್‌ಗಳಿರುವ ಕಾರ್ಡ್) ಜಂಪರ್‌ನಿಂದ (ಪಿನ್‌ಗಳನ್ನು ಜೋಡಿಸುವ ಪುಟ್ಟ ಬಿರಡೆ) ಅದರ ಕಾಮ್ 2 ಪೋರ್ಟನ್ನು ನಿಷ್ಕ್ರಿಯಗೊಳಿಸಿ. ಮೋಡೆಮ್ ಜಂಪರ್‌ಗಳನ್ನು ಕಾಮ್ 2, ಐಆರ್‌ಕ್ಯೂ 3ಕ್ಕೆ ಇಡಿ. ಮುಂಬೈ ಮಳೆಗಾಲದ ತೇವಕ್ಕೆ ಪಿನ್‌ಗಳು ಕಪ್ಪಾಗಿದ್ದರೆ ಮೊದಲು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ. ಜಂಪರ್ ಸರಿಯಾಗಿ ಕೂರದಿದ್ದರೆ ಈ ಶ್ರಮವೆಲ್ಲ ವ್ಯರ್ಥ. ಡಯಲ್ ಮಾಡುವ ಪ್ರೋಗ್ರಾಮಿನಲ್ಲೂ ಪೋರ್ಟ್ ಬದಲಿಸಲು ಮರೆಯಬೇಡಿ. ಡಾಸ್‌ನ ಎಂಎಸ್‌ಡಿ ಎಂಬ ತಪಾಸಣಾ ಪ್ರೋಗ್ರಾಮಿನಲ್ಲಿ ಕಾಮ್ ಪೋರ್ಟ್‌ಗಳ ಪುಟ ತೆರೆದು ವಿಳಾಸ ಸರಿಯಿದೆಯೇ ನೋಡಿ.

ಇನ್ನೊಂದು ಮಾತು: ಡಾಸ್ ಶುರುವಾಗುವಾಗ ಓದುವ ಎರಡು ಫೈಲ್‌ಗಳಾದ ಕಾನ್ಫಿಗ್.ಸಿಸ್‌ನಲ್ಲಿ ಮೌಸ್.ಸಿಸ್, ಆಟೊಎಕ್ಸೆಕ್.ಬ್ಯಾಟ್‌ನಲ್ಲಿ ಮೌಸ್.ಕಾಮ್ ಎರಡೂ ಇದ್ದರೆ ಒಂದರ ಸಾಲಿನ ಮುಂದೆ ರೆಮ್ (REM) ಹಾಕಿ, ಆಗ ಆ ಸಾಲು ಕೆಲಸ ಮಾಡುವುದಿಲ್ಲ. ವಿಂಡೋಸ್ 3.1ಕ್ಕೆ ತನ್ನದೇ ಡ್ರೈವರ್ ಇದೆ. ಡಾಸ್ ಡ್ರೈವರ್ ಬೇಕಾಗುವುದು ಡಾಸ್ ಪ್ರೋಗ್ರಾಮುಗಳಿಗೆ ಮಾತ್ರ. ಮೌಸಿನ ತಳದಲ್ಲಿ ಎಂಎಸ್/ಪಿಸಿ ಸ್ವಿಚ್ ಇದ್ದರೆ ಅದು ಎಂಎಸ್ ಕಡೆಗಿರಲಿ.