ರೇಡಿಯೋಗ್ರಫಿ ಮಾಡಿದ ವೆಲ್ಡ್‌ನಲ್ಲಿ ಉಕ್ಕು ದುರ್ಬಲವಾಗುತ್ತದೆಯೇ?

ಪೀಣ್ಯದ ನಿಮ್ಮ ಕಾರ್ಖಾನೆಯಲ್ಲಿ ಒತ್ತಡದ ಟ್ಯಾಂಕುಗಳ ವೆಲ್ಡ್‌ಗಳನ್ನು ಇರಿಡಿಯಂ-192 ಎಂಬ ವಿಕಿರಣಶೀಲ ಮೂಲ ಬಳಸಿ ರೇಡಿಯೋಗ್ರಫಿ (ಗಾಮಾ ಕಿರಣ ಹಾಯಿಸಿ ಒಳಗಿನ ದೋಷಗಳ ಚಿತ್ರ ತೆಗೆಯುವುದು) ಮಾಡುತ್ತಾರೆಂದೂ, ಇದರಿಂದ ಉಕ್ಕಿನ ಬಲ ಕುಗ್ಗುತ್ತದೆಯೇ, ವಿಕಿರಣ ಅದರೊಳಗೆ ಉಳಿದುಬಿಡುತ್ತದೆಯೇ ಎಂದೂ ಕೇಳಿದ್ದೀರಿ. ಎರಡೂ ಆಗುವುದಿಲ್ಲ. ಬೆಂಗಳೂರಿನ ಲೋಹ ಪರೀಕ್ಷಾಲಯವೊಂದರಲ್ಲಿ ಕೆಲಸ ಮಾಡುವ ನನಗೆ ಗ್ರಾಹಕರಿಂದಲೂ ಇದೇ ಪ್ರಶ್ನೆ ಬರುವುದುಂಟು.

ಉಕ್ಕಿನ ಸ್ಫಟಿಕ ಜಾಲದಲ್ಲಿ ಕುಳಿತ ಕಬ್ಬಿಣದ ಪರಮಾಣುವೊಂದನ್ನು ಜಾಗ ಬಿಡಿಸಲು ಸುಮಾರು 40 ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದಲ್ಲಿ ಶಕ್ತಿಯ ಅಳತೆ) ಶಕ್ತಿ ಬೇಕು. ಇರಿಡಿಯಂನ ಗಾಮಾ ಕಿರಣಗಳು ಎಲೆಕ್ಟ್ರಾನುಗಳನ್ನಷ್ಟೇ ಚಿಮ್ಮಿಸುತ್ತವೆ. ಆ ಹಗುರ ಎಲೆಕ್ಟ್ರಾನು ಭಾರದ ಪರಮಾಣುವಿಗೆ ಬಡಿದರೂ ಅಷ್ಟು ಶಕ್ತಿ ದಾಟಿಸುವುದು ತೀರಾ ಅಪರೂಪ. ಉಕ್ಕನ್ನು ನಿಜಕ್ಕೂ ಕೆಡಿಸುವುದು ಪರಮಾಣು ರಿಯಾಕ್ಟರಿನೊಳಗಿನ ನ್ಯೂಟ್ರಾನುಗಳು: 10 ಲಕ್ಷ ಎಲೆಕ್ಟ್ರಾನ್ ವೋಲ್ಟಿನ ನ್ಯೂಟ್ರಾನು ನೇರವಾಗಿ ಬಡಿದರೆ ಸುಮಾರು 70 ಸಾವಿರದವರೆಗೂ ಕೊಡಬಲ್ಲದು. ಹಾಗೆ ಸಿಡಿದ ಪರಮಾಣು ನೂರಾರು ನೆರೆಯವನ್ನು ಕೆಡವುತ್ತದೆ. ಬಹುಪಾಲು ಕ್ಷಣಮಾತ್ರದಲ್ಲಿ ಖಾಲಿ ಜಾಗಗಳಿಗೆ ಮರಳಿದರೂ, ಉಳಿದ ಖಾಲಿ ಜಾಗಗಳೂ ಹೆಚ್ಚುವರಿ ಪರಮಾಣುಗಳೂ ಗುಂಪುಗೂಡುತ್ತವೆ; ಉಕ್ಕಿನಲ್ಲಿ ತಾಮ್ರದ ಅಂಶವಿದ್ದರೆ ಅದೂ ನ್ಯಾನೋಮೀಟರ್ ಗಾತ್ರದ ಕಣಗಳಾಗಿ ಒಟ್ಟುಗೂಡುತ್ತದೆ.

ಇವೆಲ್ಲ ಪರಮಾಣು ಪದರಗಳು ಒಂದರ ಮೇಲೊಂದು ಜಾರುವುದನ್ನು ತಡೆಯುವುದರಿಂದ, ನ್ಯೂಟ್ರಾನು ತಗುಲಿದ ಉಕ್ಕು ಮೆತ್ತಗಾಗುವುದರ ಬದಲು ಗಡುಸಾಗುತ್ತದೆ. ಎಳೆದು ನೋಡಿದರೆ ಬಲ ಹೆಚ್ಚಿದಂತೆಯೇ ಕಾಣುತ್ತದೆ, ಅಪಾಯವಿರುವುದು ಪೆಡಸುತನದಲ್ಲಿ, ಅಂದರೆ ಬಾಗದೆ ಪಟಕ್ಕನೆ ಮುರಿಯುವ ಗುಣದಲ್ಲಿ. ಇದನ್ನು ಅಳೆಯುವುದು ಚಾರ್ಪಿ ಪರೀಕ್ಷೆ: 55 ಮಿಲಿಮೀಟರ್ ಉದ್ದದ, 10 ಮಿಲಿಮೀಟರ್ ಚೌಕದ ತುಂಡಿಗೆ 2 ಮಿಲಿಮೀಟರ್ ಆಳದ ‘ವಿ’ ಗೀರು ಹಾಕಿ, ಲೋಲಕದ ಸುತ್ತಿಗೆಯಿಂದ ಹೊಡೆಯುತ್ತೇವೆ. ಸಾಮಾನ್ಯ ಉಷ್ಣತೆಯಲ್ಲಿ ಒಳ್ಳೆಯ ಉಕ್ಕು ಹರಿದುಕೊಂಡು ಮುರಿಯುತ್ತದೆ, ಮುರಿದ ಮುಖ ಮಂಕು ಬೂದು ಬಣ್ಣದ ನಾರಿನಂತಿರುತ್ತದೆ. ಚೆನ್ನಾಗಿ ತಣ್ಣಗಾಗಿಸಿ ಹೊಡೆದರೆ ಚಪ್ಪಟೆಯಾಗಿ, ಹೊಳೆಯುವ ಹರಳುಗಳೊಂದಿಗೆ ಪಟಕ್ಕನೆ ಮುರಿಯುತ್ತದೆ. ನ್ಯೂಟ್ರಾನುಗಳು ಈ ಬದಲಾವಣೆಯ ಉಷ್ಣತೆಯನ್ನೇ ಮೇಲಕ್ಕೆ ತಳ್ಳುತ್ತವೆ.

ಆದ್ದರಿಂದ ಕೂಡಂಕುಳಂನಂಥ ಸ್ಥಾವರಗಳ ರಿಯಾಕ್ಟರ್ ಪಾತ್ರೆಗೆ ತಾಮ್ರ, ರಂಜಕ ಕಡಿಮೆಯಿರುವ ಉಕ್ಕನ್ನೇ ಆರಿಸುತ್ತಾರೆ. ಇಂಥ ಪಾತ್ರೆಗಳೊಳಗೆ ಅದೇ ಉಕ್ಕಿನ, ಅದೇ ವೆಲ್ಡ್‌ನ ಮಾದರಿಗಳನ್ನು ಇರಿಸಿ, ಕಾಲಕಾಲಕ್ಕೆ ತೆಗೆದು ಮುರಿದು ನೋಡುವುದು ವಾಡಿಕೆ. ಸೋವಿಯತ್ ವಿನ್ಯಾಸದ ಕೆಲವು ಹಳೆಯ ಪಾತ್ರೆಗಳನ್ನು 450 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾಯಿಸಿ ಪೆಡಸುತನ ಇಳಿಸಿದ್ದೂ ಇದೆ. 

ಇನ್ನು ವಿಕಿರಣ ಉಳಿಯುವ ಮಾತು. ರಿಯಾಕ್ಟರಿನಲ್ಲಿ ಉಕ್ಕಿನೊಳಗಿನ ಚೂರುಪಾರು ಕೋಬಾಲ್ಟ್, ನ್ಯೂಟ್ರಾನು ನುಂಗಿ ವಿಕಿರಣಶೀಲ ಕೋಬಾಲ್ಟ್-60 ಆಗುತ್ತದೆ. ಅದರ ಅರ್ಧಾಯುಷ್ಯ 5.27 ವರ್ಷ. ಇರಿಡಿಯಂನ ಗಾಮಾ ಕಿರಣಗಳಿಗೆ ಉಕ್ಕಿನ ಪರಮಾಣು ಬೀಜವನ್ನು ಹೀಗೆ ಬದಲಿಸುವ ಶಕ್ತಿಯಿಲ್ಲ. ಇರಿಡಿಯಂ ಮೂಲವು ತನ್ನ ಕವಚದೊಳಗೆ ಮರಳಿದೆಯೆಂದು ಸರ್ವೇ ಮೀಟರಿನಲ್ಲಿ (ವಿಕಿರಣ ಅಳೆಯುವ ಸಾಧನ) ಖಚಿತಪಡಿಸಿಕೊಂಡ ಮೇಲೆ ಆ ವೆಲ್ಡನ್ನು ಬರಿಗೈಯಲ್ಲೇ ಮುಟ್ಟಬಹುದು. ಮೀಟರ್ ನೋಡದೆ ಮಾತ್ರ ಹತ್ತಿರ ಹೋಗಬೇಡಿ.