ಹಳೆಯ ಆಸಿಲೋಸ್ಕೋಪಿಗೆ ಹೊಸ ಡಿಸ್ಕ್

ಪ್ರಶ್ನೆ: ಕಾಲೇಜು ಲ್ಯಾಬಿನಲ್ಲಿ ವಿಂಡೋಸ್ ಎಕ್ಸ್‌ಪಿ ಇರುವ ಆಸಿಲೋಸ್ಕೋಪ್ (ವಿದ್ಯುತ್ ಸಿಗ್ನಲ್ಲಿನ ಅಲೆಯನ್ನು ಪರದೆಯಲ್ಲಿ ತೋರಿಸುವ ಉಪಕರಣ) ಇದೆ. ಶುರುವಾಗಲು ಐದಾರು ನಿಮಿಷ ಬೇಕು, ಹಾರ್ಡ್ ಡಿಸ್ಕ್ ಕಟಕಟ ಎನ್ನುತ್ತಿದೆ. ಒಳಗಿನ ಮದರ್‌ಬೋರ್ಡನ್ನೇ ಬದಲಿಸಿಬಿಡಬಹುದೇ?

ಉತ್ತರ: ಮದರ್‌ಬೋರ್ಡಿನ ತಂಟೆಗೆ ಹೋಗಬೇಡಿ. ಇಂಥ ಸ್ಕೋಪುಗಳಲ್ಲಿ ಸಿಗ್ನಲ್ ಹಿಡಿಯುವ ಬೋರ್ಡ್ ಸಾಮಾನ್ಯವಾಗಿ ಪಿಸಿಐ (ಹಳೆಯ ಬಗೆಯ ಕಾರ್ಡ್ ಸ್ಲಾಟ್) ಮೂಲಕ ಕೂತಿರುತ್ತದೆ, ಅದರ ಡ್ರೈವರ್ 32 ಬಿಟ್ ಎಕ್ಸ್‌ಪಿಗಷ್ಟೇ ಬರೆದದ್ದು. ಹೊಸ ಬೋರ್ಡುಗಳಲ್ಲಿ ಪಿಸಿಐ ಸ್ಲಾಟ್ ಅಪರೂಪ, ಎಕ್ಸ್‌ಪಿಗೆ ಚಿಪ್‌ಸೆಟ್ ಡ್ರೈವರ್ ಇನ್ನೂ ಅಪರೂಪ. ಸ್ಯಾಂಪಲಿಂಗ್ ವೇಗವೂ (ಸೆಕೆಂಡಿಗೆ ಎಷ್ಟು ಬಾರಿ ಸಿಗ್ನಲ್ ಅಳೆಯುತ್ತದೆ ಎಂಬುದು) ಹೆಚ್ಚುವುದಿಲ್ಲ, ಅದು ಸಿಗ್ನಲ್ಲನ್ನು ಅಂಕಿಗಳಾಗಿಸುವ ಎಡಿಸಿ ಚಿಪ್ಪಿನ ಕೆಲಸ.

ಡಿಸ್ಕ್ ಮಾತ್ರ ಇವತ್ತೇ ನೋಡಿ. ಕಟಕಟ ಶುರುವಾದ ಮೇಲೆ ಸ್ಕೋಪನ್ನು ಮತ್ತೆ ಮತ್ತೆ ಆನ್ ಮಾಡಬಾರದು. ಡಿಸ್ಕ್ ಬಿಚ್ಚಿ, ಯುಎಸ್‌ಬಿ ಅಡಾಪ್ಟರ್ ಮೂಲಕ ಲಿನಕ್ಸ್ ಕಂಪ್ಯೂಟರಿಗೆ ಹಚ್ಚಿ, ಡಿಡಿರೆಸ್ಕ್ಯೂ ಎಂಬ ಡಿಸ್ಕ್ ನಕಲಿಸುವ ತಂತ್ರಾಂಶದಿಂದ ಇಮೇಜ್ (ಇಡೀ ಡಿಸ್ಕಿನ ನಕಲು) ತೆಗೆಯಿರಿ. ಅದು ಚೆನ್ನಾಗಿರುವ ಭಾಗಗಳನ್ನು ಮೊದಲು ಓದಿ, ಕೆಟ್ಟ ಸೆಕ್ಟರುಗಳಿಗೆ (ಡಿಸ್ಕಿನ ಚಿಕ್ಕ ಚಿಕ್ಕ ತುಣುಕುಗಳಿಗೆ) ಆಮೇಲೆ ಮರಳುತ್ತದೆ. ಯಾವ ಭಾಗ ಓದಿಯಾಯಿತು ಎಂದು ಗುರುತಿಡುವ ಮ್ಯಾಪ್ ಫೈಲ್ ಕೊಡಲು ಮರೆಯಬೇಡಿ, ಇದ್ದರೆ ನಿಂತಲ್ಲಿಂದಲೇ ಮುಂದುವರಿಸಬಹುದು. ಎಕ್ಸ್‌ಪಿಯನ್ನು ಹೊಸದಾಗಿ ಹಾಕುವ ಯೋಚನೆ ಬೇಡ: ಕೆಲವು ಮಾದರಿಗಳಲ್ಲಿ ಅಳತೆ ಸರಿಪಡಿಸುವ ಕ್ಯಾಲಿಬ್ರೇಷನ್ ಫೈಲುಗಳೂ ಹೆಚ್ಚುವರಿ ಸೌಲಭ್ಯಗಳ ಆಪ್ಷನ್ ಲೈಸೆನ್ಸುಗಳೂ ಡಿಸ್ಕಿನಲ್ಲೇ ಇರುತ್ತವೆ.

ಆ ಇಮೇಜನ್ನು ಬರೆಯುವ ಹೊಸ ಡಿಸ್ಕ್ ಹಳೆಯದಕ್ಕಿಂತ ಒಂದು ಸೆಕ್ಟರಿನಷ್ಟೂ ಚಿಕ್ಕದಿರಬಾರದು. ತೀರಾ ದೊಡ್ಡದೂ ಬೇಡ, 137 ಜಿಬಿ ದಾಟಿದರೆ ಹಳೆಯ ಬಯೋಸ್ (ಯಂತ್ರವನ್ನು ಶುರು ಮಾಡುವ ಮೂಲ ತಂತ್ರಾಂಶ) ತಡವರಿಸುತ್ತದೆ. ಚಿಕ್ಕ ಸಾಟಾ ಎಸ್‌ಎಸ್‌ಡಿ ಜೊತೆಗೆ ಅದನ್ನು ಹಳೆಯ ಬಗೆಯ ಡಿಸ್ಕ್ ಕೇಬಲ್ಲಿಗೆ (ಐಡಿಇ) ಹೊಂದಿಸುವ ಪರಿವರ್ತಕ ಸಾಕು. 44 ಪಿನ್ನಿನ ಕನೆಕ್ಟರನ್ನು ಒಂದು ಸಾಲು ಪಕ್ಕಕ್ಕೆ ಚುಚ್ಚಿದರೆ 5 ವೋಲ್ಟ್ ಬೇರೆಲ್ಲೋ ಹೋಗುತ್ತದೆ. 20ನೇ ಪಿನ್ ಇಲ್ಲದ ಜಾಗ ನೋಡಿ ಜೋಡಿಸಿ. ಮಾಸ್ಟರ್ ಜಂಪರ್ (ಡಿಸ್ಕನ್ನು ಮೊದಲನೆಯದೆಂದು ಗುರುತಿಸುವ ಪುಟ್ಟ ಕ್ಲಿಪ್) ಹಳೆಯ ಡಿಸ್ಕಿನಲ್ಲಿದ್ದಂತೆಯೇ ಇರಲಿ.

ಹೇಗೂ ಬಿಚ್ಚಿದ್ದೀರಿ, ಬೋರ್ಡಿನ ಬಟನ್ ಸೆಲ್ಲನ್ನೂ ಬದಲಿಸಿ. ಸೆಲ್ ತೆಗೆದರೆ ಬಯೋಸ್ ಸೆಟ್ಟಿಂಗುಗಳು ಅಳಿಯಬಹುದು, ಅದಕ್ಕೇ ಬಿಚ್ಚುವ ಮುನ್ನವೇ ಬಯೋಸ್ ಪರದೆಗಳ ಫೋಟೋ ತೆಗೆದಿರಬೇಕು.

ಪ್ರಶ್ನೆ: ಎಸ್‌ಎಸ್‌ಡಿ ಬದಲು ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ (ಒಂದು ಬಗೆಯ ಮೆಮೊರಿ ಕಾರ್ಡ್) ಹಾಕಿದೆ. ಮೊದಲಿಗಿಂತ ನಿಧಾನ! ಏಕೆ?

ಉತ್ತರ: ಡಿವೈಸ್ ಮ್ಯಾನೇಜರಿನಲ್ಲಿ ಪ್ರೈಮರಿ ಐಡಿಇ ಚಾನೆಲ್ ತೆರೆದು ಟ್ರಾನ್ಸ್‌ಫರ್ ಮೋಡ್ ನೋಡಿ. ಪಿಐಒ (ದತ್ತಾಂಶವನ್ನು ಪ್ರೊಸೆಸರೇ ಸಾಗಿಸುವ ನಿಧಾನದ ವಿಧಾನ) ಎಂದಿದ್ದರೆ ಅದೇ ಕಾರಣ. ಅಗ್ಗದ ಅಡಾಪ್ಟರುಗಳಲ್ಲಿ ಡಿಎಂಎಗೆ (ಪ್ರೊಸೆಸರನ್ನು ಬಿಟ್ಟು ನೇರವಾಗಿ ಮೆಮೊರಿಗೆ ಸಾಗಿಸುವ ವೇಗದ ವಿಧಾನಕ್ಕೆ) ಬೇಕಾದ ಗೆರೆಗಳೇ ಇರುವುದಿಲ್ಲ. ಗೆರೆಗಳಿದ್ದರೂ ತಪ್ಪುಗಳು ಪದೇ ಪದೇ ಬಂದರೆ ಎಕ್ಸ್‌ಪಿ ತಾನಾಗಿ ಪಿಐಒಗೆ ಇಳಿಯುತ್ತದೆ. ಚಾನೆಲ್ಲನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿದರೆ ಮತ್ತೆ ಮೇಲೇರಬಹುದು. ಕ್ಯಾಮೆರಾ ಕಾರ್ಡಾದರೆ ಇನ್ನೊಂದು ತಲೆನೋವು: ಅದು ತನ್ನನ್ನು ತೆಗೆಯಬಹುದಾದ ಡಿಸ್ಕ್ ಎಂದು ಹೇಳಿಕೊಂಡರೆ ಎಕ್ಸ್‌ಪಿ ಅದರಲ್ಲಿ ಪೇಜ್ ಫೈಲ್ (ಮೆಮೊರಿ ಸಾಲದಾಗ ಬಳಸುವ ಫೈಲ್) ಇಡುವುದಿಲ್ಲ. 'ಫಿಕ್ಸೆಡ್ ಡಿಸ್ಕ್' ಎನ್ನುವ ಇಂಡಸ್ಟ್ರಿಯಲ್ ಕಾರ್ಡನ್ನೇ ಕೊಳ್ಳಿ.